ಸಂಬಂಧಕ್ಕೆ ಹತ್ತೂರು, ಉದ್ಯೋಗಕ್ಕೆ ಮೌನವೇಕೆ?

ಮಗಳಿಗೆ ವರನನ್ನು ನೋಡಬೇಕೆಂದಾಗ ನಾವು ಸುಮ್ಮನೆ ಕೂಡುವುದಿಲ್ಲ. ಅಥಣಿಯ ಸೋದರಮಾವನಿಗೆ, ರಾಯಬಾಗದ ಬೀಗರಿಗೆ, ನಿಪ್ಪಾಣಿಯ ಅಂಗಡಿಯವರಿಗೆ, ಜಾತ್ರೆಯಲ್ಲಿ ಭೇಟಿಯಾದ ಹಳೆಯ ಸಹಪಾಠಿಗೆ ವಿಷಯವನ್ನು ತಿಳಿಸುತ್ತೇವೆ. ಎಂಟು ದಿನಗಳೊಳಗೆ ಕಾಗವಾಡದಿಂದ ಚಿಕ್ಕೋಡಿಯವರೆಗೆ ಸುದ್ದಿ ಮುಟ್ಟಿರುತ್ತದೆ. ಆದರೆ ಅದೇ ಮನೆಯ ಮಗ ಪದವಿ ಪಡೆದು ವರ್ಷ ಕಳೆದರೂ ಕೆಲಸವಿಲ್ಲದೆ ಇದ್ದರೆ ಆ ಸಂಗತಿಯನ್ನು ಮಾತ್ರ ಮುಚ್ಚಿಡುತ್ತೇವೆ. ಯಾರಾದರೂ ಕೇಳಿದರೆ ‘ಪರೀಕ್ಷೆಗೆ ಓದುತ್ತಿದ್ದಾನೆ’ ಎಂದು ಹೇಳಿ ಮಾತು ಮುಗಿಸುತ್ತೇವೆ.

ಈ ಮೌನಕ್ಕೆ ನಾವು ತೆರುವ ಬೆಲೆ ಸಣ್ಣದಲ್ಲ. ಮೊದಲು ಮಗನ ಆತ್ಮವಿಶ್ವಾಸ ಕುಗ್ಗುತ್ತದೆ. ಅವನು ಮದುವೆ-ಮುಂಜಿಗಳಿಗೆ ಹೋಗುವುದನ್ನು ಬಿಡುತ್ತಾನೆ. ಕೊನೆಗೆ ‘ಇಷ್ಟು ಹಣ ಕೊಟ್ಟರೆ ನೌಕರಿ ಖಂಡಿತ’ ಎನ್ನುವ ಅಪರಿಚಿತನೊಬ್ಬ ಬಾಗಿಲಿಗೆ ಬರುತ್ತಾನೆ. ಹಿತವರ ಮುಂದೆ ಹೇಳಿಕೊಳ್ಳಲು ನಾಚಿದ ತಂದೆ ಕಬ್ಬಿನ ಬಿಲ್ಲಿನ ಹಣವನ್ನು, ತಾಯಿ ತನ್ನ ಬಂಗಾರವನ್ನು ಅವನ ಕೈಗಿಡುತ್ತಾರೆ. ನಾಲ್ಕು ಜನರಿಗೆ ಮೊದಲೇ ತಿಳಿಸಿದ್ದರೆ, ಅವರಲ್ಲೊಬ್ಬರಾದರೂ ‘ಬೇಡಪ್ಪಾ’ ಎಂದು ಕೈ ಹಿಡಿದು ನಿಲ್ಲಿಸುತ್ತಿದ್ದರು.

ದೂರದ ಪರಿಚಯದ ಬಲ

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಪಡೆದವರನ್ನು ಅವರು ವಿಚಾರಿಸಿದರು. ವಾರಕ್ಕೆರಡು ಸಲವಾದರೂ ಭೇಟಿಯಾಗುವ ಆಪ್ತರಿಂದ ಕೆಲಸದ ಸುದ್ದಿ ತಿಳಿದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುವವರಿಂದ ತಿಳಿದವರು ಸುಮಾರು 56. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಅಪರೂಪಕ್ಕೆ ಕಾಣುವವರಿಂದ ತಿಳಿದವರು ಸುಮಾರು 28. ಲಿಂಕ್ಡ್‌ಇನ್ ಬಳಸುವ ಸುಮಾರು 2 ಕೋಟಿ ಜನರನ್ನು ಒಳಗೊಂಡು ನಡೆದು, 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ ತೀರ ಆಪ್ತರಿಗಿಂತ ಸಾಧಾರಣ ಪರಿಚಯದವರೇ ಹೆಚ್ಚು ನೆರವಾಗುತ್ತಾರೆಂದು ತೋರಿಸಿತು.

ಇದರ ಕಾರಣ ಸರಳವಾದುದು. ನಮ್ಮ ಆಪ್ತರಿಗೆ ತಿಳಿದಿರುವುದು ಬಹುತೇಕ ನಮಗೂ ತಿಳಿದಿರುತ್ತದೆ. ಸಕ್ಕರೆ ಕಾರಖಾನೆಯ ಹಂಗಾಮು ಯಾವಾಗ ಆರಂಭ, ನಿಪ್ಪಾಣಿಯ ತಂಬಾಕಿನ ಪೇಟೆ ಹೇಗಿದೆ, ಯಾವ ಸರಕಾರಿ ಹುದ್ದೆಗೆ ಅರ್ಜಿ ಕರೆದಿದ್ದಾರೆ ಎಂಬುದು ಪ್ರತಿ ಕಟ್ಟೆಯ ಮೇಲಿನ ಮಾತು. ಆದರೆ ಹೆದ್ದಾರಿಯಲ್ಲಿ ನಿಪ್ಪಾಣಿಯನ್ನು ದಾಟಿದರೆ ಕಾಗಲ್‌ನ ಕೈಗಾರಿಕಾ ಪ್ರದೇಶವಿದೆ. ಇತ್ತ ಬೆಳಗಾವಿಯ ದಾರಿಯಲ್ಲಿ ಹತ್ತರಗಿ ಬಳಿ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ. ಇಚಲಕರಂಜಿಯ ಮಗ್ಗಗಳೂ ಪುಣೆಯ ಕಾರಖಾನೆಗಳೂ ದೂರವಲ್ಲ. ಅಲ್ಲಿಯ ಸುದ್ದಿಯನ್ನು ತರುವವರು ಮನೆಯವರಲ್ಲ. ಐದು ವರ್ಷಗಳ ಹಿಂದೆ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು, ಬೀಗರ ನೆರೆಯವರು, ಲಾರಿ ಸಾಗಾಣಿಕೆಯವರು.

ಕೇಳುವ ಬಗೆ

‘ನನಗೊಂದು ನೌಕರಿ ಕೊಡಿಸಿರಿ’ ಎಂದರೆ ಎದುರಿನವರಿಗೆ ಭಾರವಾಗುತ್ತದೆ. ಮಾಹಿತಿಯನ್ನು ಕೇಳಿದರೆ ಯಾರೂ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ‘ಅಣ್ಣಾವರೇ, ನಾನು ಈ ವರ್ಷ ಬಿ.ಎಸ್ಸಿ. ಮುಗಿಸಿದ್ದೇನೆ. ಪ್ರಯೋಗಾಲಯದ ಕೆಲಸ ಹೇಗಿರುತ್ತದೆ, ಅದಕ್ಕೆ ಇನ್ನೇನು ಕಲಿಯಬೇಕು ಎಂದು ತಿಳಿಯಬೇಕಾಗಿದೆ. ಹತ್ತು ನಿಮಿಷ ಮಾತನಾಡಬಹುದೇ?’ ಎಂದು ಬರೆದರೆ ಸಾಕು. ಮಾತು ಮುಗಿಯುವಾಗ ‘ಇನ್ನು ಯಾರನ್ನು ಕಾಣಲಿ?’ ಎಂದು ಕೇಳುವುದನ್ನು ಮರೆಯಬಾರದು. ಕೆಲಸ ಸಿಗಲಿ ಬಿಡಲಿ, ಅವರಿಗೆ ಕೃತಜ್ಞತೆ ತಿಳಿಸಬೇಕು. ಹೆಣ್ಣುಮಕ್ಕಳಿಗೂ ಇದೇ ದಾರಿ. ಅವರ ಪದವಿ ಕೇವಲ ಲಗ್ನಪತ್ರಿಕೆಯಲ್ಲಿ ಅಚ್ಚಾಗುವುದಕ್ಕಲ್ಲ.

ಅಂತರ್ಜಾಲವು ಈ ಪರಿಚಯದ ವಲಯವನ್ನು ಹಿಗ್ಗಿಸುವ ಸಾಧನ. ಕೇಂದ್ರ ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯವು 2015ರಲ್ಲಿ ಆರಂಭಿಸಿದ ‘ನ್ಯಾಷನಲ್ ಕರಿಯರ್ ಸರ್ವಿಸ್’ ಜಾಲತಾಣದಲ್ಲಿ ಉದ್ಯೋಗಾಕಾಂಕ್ಷಿಗಳ ನೋಂದಣಿಗೆ ಶುಲ್ಕವಿಲ್ಲ. ಲಿಂಕ್ಡ್‌ಇನ್‌ನಲ್ಲಿ ನಮ್ಮ ಕಾಲೇಜಿನ ಹೆಸರನ್ನು ಹುಡುಕಿದರೆ, ಅಲ್ಲಿ ಓದಿದವರು ಈಗ ಎಲ್ಲಿ ದುಡಿಯುತ್ತಿದ್ದಾರೆಂಬುದು ತಿಳಿಯುತ್ತದೆ. ಅಂಕಪಟ್ಟಿಗಳನ್ನು ಡಿಜಿಲಾಕರ್‌ನಲ್ಲಿ ಇರಿಸಿಕೊಂಡರೆ ಸಂದರ್ಶನಕ್ಕೆ ಕರೆ ಬಂದಾಗ ಪರದಾಡಬೇಕಿಲ್ಲ. ಒಂದೇ ಪರಿಚಯಪತ್ರವನ್ನು ನೂರು ಕಡೆ ಕಳಿಸುವುದಕ್ಕಿಂತ, ಹುದ್ದೆಗೆ ತಕ್ಕಂತೆ ತಿದ್ದಿ ಹತ್ತು ಕಡೆ ಕಳಿಸುವುದು ಮೇಲು. ‘ಭದ್ರತಾ ಠೇವಣಿ’, ‘ತರಬೇತಿ ಶುಲ್ಕ’ ಎಂದು ಮೊದಲೇ ಹಣ ಕೇಳುವವರಿಂದ ದೂರವಿರಬೇಕು. ಮೋಸವಾಗಿ ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು.

ಹಿರಿಯರು ಹಾಕಿದ ದಾರಿ

ಅಪರಿಚಿತರಿಗೆ ನೆರವಾಗುವುದು ನಮ್ಮ ಸಮಾಜಕ್ಕೆ ಹೊಸದಲ್ಲ. 1883ರಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರು ಧಾರವಾಡದಲ್ಲಿ ವಿದ್ಯಾಭಿವೃದ್ಧಿಯ ನಿಧಿ ಕೂಡಿಸಿದರು. ಶಿರಸಂಗಿ ಲಿಂಗರಾಜರು ತಮ್ಮ ಸಂಪತ್ತನ್ನು ವಿದ್ಯೆಗೆ ಮುಡಿಪಾಗಿಟ್ಟರು. 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಗೆ ಅಡಿಪಾಯ ಹಾಕಿದರು. ತಾವೆಂದೂ ಮುಖ ನೋಡದ ಹಳ್ಳಿಯ ಮಕ್ಕಳು ಓದಲೆಂದು ಅವರು ದುಡಿದರು. ಇಂದು ಆ ಸಂಸ್ಥೆಯ ಕಾಲೇಜುಗಳು ಚಿಕ್ಕೋಡಿ, ನಿಪ್ಪಾಣಿಗಳಲ್ಲಿಯೂ ಇವೆ. ಅಲ್ಲಿ ಕಲಿತು ನೆಲೆನಿಂತ ಪ್ರತಿಯೊಬ್ಬರೂ ವರ್ಷಕ್ಕೆ ಇಬ್ಬರು ತರುಣರ ಪ್ರಶ್ನೆಗೆ ಉತ್ತರ ಕೊಟ್ಟರೆ ಅದೂ ಒಂದು ದಾಸೋಹವೇ. ಆದರೆ ಒಂದು ಎಚ್ಚರವಿರಲಿ. ನಮ್ಮವರು ನಮ್ಮವರನ್ನಷ್ಟೇ ಕೇಳುತ್ತ ಕುಳಿತರೆ, ಒಂದೇ ಬಾವಿಯ ನೀರನ್ನು ಮತ್ತೆ ಮತ್ತೆ ಸೇದಿದಂತಾಗುತ್ತದೆ. ಎಲ್ಲ ಸಮಾಜದವರೊಡನೆ ಪರಿಚಯ ಬೆಳೆಸಬೇಕು, ಎಲ್ಲರಿಗೂ ನೆರವಾಗಬೇಕು.

ತಾಯಂದಿರೇ, ತಂದೆಯರೇ, ಈ ಸಂಜೆಯೇ ಮಗನನ್ನೋ ಮಗಳನ್ನೋ ಹತ್ತಿರ ಕೂಡಿಸಿಕೊಳ್ಳಿರಿ. ವರ್ಷದಿಂದ ಮಾತನಾಡಿಸದ ಹತ್ತು ಪರಿಚಿತರ ಹೆಸರುಗಳನ್ನು ಕಾಗದದ ಮೇಲೆ ಬರೆಯಿರಿ. ಮೊದಲ ಕರೆಯನ್ನು ನೀವೇ ಮಾಡಿ, ‘ನಮ್ಮ ಮನೆಯಲ್ಲಿ ಓದಿದ ಮಗುವಿದೆ, ಕಾಯಕವನ್ನು ಅರಸುತ್ತಿದೆ’ ಎಂದು ಹೇಳಿರಿ. ಕೆಲಸ ಹುಡುಕುವುದರಲ್ಲಿ ಅವಮಾನವಿಲ್ಲ. ಹುಡುಕುತ್ತಿರುವ ಮಗುವನ್ನು ಮನೆಯ ಮೂಲೆಯಲ್ಲಿ ಬಚ್ಚಿಡದಿರೋಣ.