ಮಾತು ಸಂಗಮದಾಗ, ನೀರು ಎಲ್ಲದಾವ?

ಹುನಗುಂದ ತಾಲೂಕಿನ ನಮ್ಮ ಎರಿ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಬಿಟ್ಟರೆ ಬೇರೆ ದಾರಿ ಇಲ್ಲ. ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮ ನಮಗೆ ದೂರದ್ದೇನಲ್ಲ. ನದಿ ಹತ್ತಿರ, ನೀರು ದೂರ. ಹಿಂಗಾಗಿ ‘ನೀರು ಕೊಡ್ತೀವಿ’ ಅಂದವರನ್ನು ನಾವು ಬಲು ಬೇಗ ನಂಬುತ್ತೇವೆ.

2013ರ ಜನವರಿಯಲ್ಲಿ ಕಾಂಗ್ರೆಸ್ಸಿನವರು ಹೊಸಪೇಟೆಯಿಂದ ಪಾದಯಾತ್ರೆ ಹೊರಟು ಸಂಗಮಕ್ಕೆ ಬಂದರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಮುಂಚೂಣಿಯಲ್ಲಿದ್ದರು. ಅಧಿಕಾರ ಸಿಕ್ಕರೆ ಕೃಷ್ಣಾ ಕಣಿವೆಯ ನೀರಾವರಿಗೆ ವರ್ಷಕ್ಕೆ 10,000 ಕೋಟಿ ರೂಪಾಯಿ ಅಂತ ಮಾತು ಕೊಟ್ಟರು. ಮೇ ತಿಂಗಳಲ್ಲಿ ಅಧಿಕಾರ ಸಿಕ್ಕಿತು.

ಐದು ವರ್ಷ ಕಳೆದ ಮೇಲೆ ಲೆಕ್ಕದ ಜಗಳ. ನೀರಾವರಿಗೆ 50,000 ಕೋಟಿಗೂ ಮೇಲೆ ಖರ್ಚು ಮಾಡೇವಿ ಅಂತ ಅವರು. ಅದು ಇಡೀ ರಾಜ್ಯದ ಲೆಕ್ಕ, ಮಾತು ಕೊಟ್ಟಿದ್ದು ಕೃಷ್ಣೆಗೆ ಅಂತ ಎದುರಿನವರು. ಪಾಲಿಗೆ ಹೊಲ ಕೊಡುವಾಗ ಬೀಜ ಯಾರದು, ಗೊಬ್ಬರ ಯಾರದು ಅಂತ ಮೊದಲೇ ಬಿಡಿಸಿ ಮಾತಾಡೋ ನಾವು, ವೋಟಿನ ಹೊತ್ತಿಗೆ ಮಾತ್ರ ‘ನೀರಾವರಿ’ ಅನ್ನೋ ಒಂದೇ ಶಬ್ದಕ್ಕೆ ಚಪ್ಪಾಳೆ ಹೊಡೆದಿದ್ದೆವು.

ಇದ್ದದ್ದು ಇದ್ದಂಗ ಹೇಳಬೇಕಂದ್ರ, ಅಡ್ಡಿ ಹಣದ್ದಷ್ಟೇ ಅಲ್ಲ. ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಆದರೆ ಸುಪ್ರೀಂ ಕೋರ್ಟಿನ ತಡೆಯಿಂದಾಗಿ ಆ ತೀರ್ಪು ಕೇಂದ್ರದ ಗೆಜೆಟ್ಟಿನಲ್ಲಿ ಬಂದಿಲ್ಲ, ನೀರು 519.60 ಮೀಟರಿಗೇ ನಿಲ್ತದ. ಈ ತಡೆ 2013ರ ಮೊದಲಿನದು. ಭಾಷಣದಾಗ ಅದನ್ನೂ ಹೇಳಬಹುದಿತ್ತಲ್ಲ? ನಡುವೆ ಜೆಡಿಎಸ್, ಬಿಜೆಪಿಯವರೂ ಮುಖ್ಯಮಂತ್ರಿ ಆಗಿ ಹೋದರು. ಗೇಟು ಒಂದು ಗೇಣೂ ಏರಲಿಲ್ಲ.

ಬಾಗಲಕೋಟೆ ಕಡೆಯ ಮುಳುಗಡೆ ರೈತರ ಸಂಕಟ ಬೇರೆ. ಹೊಲ ಹೋಗ್ತದೋ ಉಳೀತದೋ ತಿಳಿಯದೆ ಬೋರು ಹಾಕಿಸಲೂ ಹಿಂಜರಿಕೆ. ಮಾರಾಕ ಹೋದರೆ ಗಿರಾಕಿ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಗಾದರೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಅಂತ ಸಂಪುಟ ತೀರ್ಮಾನಿಸಿತು. ‘ಕೈಗೆ ಬಂದ ದಿನ ಎಣಿಸೋಣ’ ಅಂತಾರೆ ಅಲ್ಲಿನ ನಮ್ಮ ಬೀಗರು.

ಸಿಟ್ಟು ಬಂದಾಗ ಮಂದಿ ಏನು ಮಾಡ್ತಾರೆ? 1980ರಲ್ಲಿ, ಮಲಪ್ರಭೆಯ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದಾಗ ನರಗುಂದ, ನವಲಗುಂದದ ರೈತರು ಎದ್ದರು. ಗೋಲಿಬಾರ್ ಆಯಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರಕಾರ ಬಿತ್ತು. 2018ರಲ್ಲಿ ಬಾದಾಮಿಯಲ್ಲಿ ನಿಂತ ಸಿದ್ದರಾಮಯ್ಯ ಗೆದ್ದದ್ದು ಬರೀ 1,696 ಮತಗಳಿಂದ. ಅದರೊಳಗ ನೀರಿನ ಸಿಟ್ಟು ಎಷ್ಟು, ಜಾತಿ ಲೆಕ್ಕ ಎಷ್ಟು ಅಂತ ಬೇರ್ಪಡಿಸೋದು ಕಷ್ಟ.

ಕೋರ್ಟಿಗೆ ಎಳೆಯೋಣ ಅಂತಾರೆ ನಮ್ಮೂರ ಹುಡುಗರು. ಪ್ರಣಾಳಿಕೆಯ ಭರವಸೆಯನ್ನು ಚುನಾವಣಾ ಭ್ರಷ್ಟಾಚಾರ ಅನ್ನಲಾಗದು ಅಂತ ಸುಪ್ರೀಂ ಕೋರ್ಟು 2013ರ ಜುಲೈನಲ್ಲೇ ಹೇಳಿದೆ. ಅದೇ ತೀರ್ಪಿನ ಸೂಚನೆಯಂತೆ ಚುನಾವಣಾ ಆಯೋಗ ಒಂದು ನಿಯಮ ಸೇರಿಸಿತು: ಭರವಸೆಗೆ ಹಣ ಎಲ್ಲಿಂದ ಅಂತ ಪಕ್ಷಗಳು ಸ್ಥೂಲವಾಗಿಯಾದರೂ ತೋರಿಸಬೇಕು. ಇದು ನಮಗೆ ಬಳಕೆಗೆ ಬರುವ ಮಾತು.

ಹೋದ ಚುನಾವಣೆಯಲ್ಲಿ ಇಳಕಲ್ ರಸ್ತೆಯ ಚಹಾದಂಗಡಿಗೆ ಅಭ್ಯರ್ಥಿಯೊಬ್ಬರು ಬಂದಾಗ ನಮ್ಮ ಕಾಕಾ ವಹಿ ಬಿಚ್ಚಿ ಕೂತರು. “ಸಾಹೇಬ್ರ, ಯಾವ ಕಾಲುವೆ, ಎಷ್ಟು ಕೋಟಿ, ಯಾವ ವರ್ಷ? ಹೇಳ್ರಿ, ಬರ್ಕೋತೀನಿ.” ಸಾಹೇಬರು ನಕ್ಕು, ಎಲ್ಲರಿಗೂ ಚಹಾ ಹೇಳಿ ಎದ್ದು ಹೋದರು. ಕಾಕಾ ಆ ತಾರೀಖಿನ ಮುಂದೆ ‘ಚಹಾ’ ಅಂತ ಬರೆದಿಟ್ಟಿದ್ದಾರೆ.