ಬೆರಳಿಗೆ ಸಿಕ್ಕ ಸ್ವರ

ಪಾಶ್ಚಾತ್ಯ ಸಂಗೀತವನ್ನು ಬರೆದಿಡುವ ಐದು ಗೆರೆಗಳ ಪದ್ಧತಿ ಕಣ್ಣಿಗಾಗಿಯೇ ಹುಟ್ಟಿದ್ದು. ಸ್ವರ ಎತ್ತರದ್ದಾದರೆ ಗುಂಡು ಮೇಲಿನ ಗೆರೆಗೆ ಏರುತ್ತದೆ, ತಗ್ಗಿನದಾದರೆ ಕೆಳಗಿಳಿಯುತ್ತದೆ. ಒಟ್ಟಿಗೆ ಮೂರು ಸ್ವರ ನುಡಿಯಬೇಕಿದ್ದರೆ ಗುಂಡುಗಳು ಒಂದರ ಮೇಲೊಂದು ನಿಲ್ಲುತ್ತವೆ. ಓದಲು ಬಲ್ಲವರಿಗೆ ಹಾಳೆಯತ್ತ ಕಣ್ಣು ಹಾಯಿಸಿದ ಕೂಡಲೇ ಇಡೀ ಸಾಲಿನ ಏರಿಳಿತ ತಿಳಿದುಬಿಡುತ್ತದೆ. ಇದೇ ಹಾಳೆಯನ್ನು ಉಬ್ಬಚ್ಚಿನಲ್ಲಿ ತೆಗೆದು ದೃಷ್ಟಿಯಿಲ್ಲದ ಮಗುವಿನ ಮುಂದಿಟ್ಟರೆ ಏನಾಗುತ್ತದೆ? ಬೆರಳ ತುದಿಗೆ ಒಂದು ಸಲಕ್ಕೆ ದಕ್ಕುವುದು ಬಟಾಣಿ ಕಾಳಿನಷ್ಟು ಜಾಗ. ಗುಂಡು ಯಾವ ಗೆರೆಯ ಮೇಲಿದೆ ಎಂದು ತಿಳಿಯಲು ಮಗು ಕೆಳಗಿನಿಂದ ಗೆರೆಗಳನ್ನು ಎಣಿಸುತ್ತ ಮೇಲೆ ಬರಬೇಕು. ಎಣಿಸಿ ಮುಗಿಸುವ ಹೊತ್ತಿಗೆ ಹಿಂದಿನ ಸ್ವರ ಮನಸ್ಸಿನಿಂದ ಜಾರಿರುತ್ತದೆ.

ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಯಲ್ಲಿ ದಶಕಗಟ್ಟಲೆ ನಡೆದದ್ದು ಹೀಗೆಯೇ. ವ್ಯಾಲೆಂಟಿನ್ ಆಯ್ಯಿ ಎಂಬ ದಯಾವಂತ 1780ರ ದಶಕದಲ್ಲಿ ಆ ಶಾಲೆಯನ್ನು ಕಟ್ಟಿದ. ವಿಯೆನ್ನಾದ ಅಂಧ ಪಿಯಾನೊ ವಾದಕಿ ಮರಿಯಾ ತೆರೇಸಿಯಾ ಫಾನ್ ಪಾರಾಡಿಸ್ 1784ರಲ್ಲಿ ಪ್ಯಾರಿಸ್ಸಿಗೆ ಕಛೇರಿ ಕೊಡಲು ಬಂದಿದ್ದಾಗ ಆಯ್ಯಿ ಅವಳನ್ನು ಕಂಡು ಮಾತಾಡಿದ್ದ. ಮಕ್ಕಳ ಬೆರಳಿಗೆ ಸಿಗುವಂತೆ ದಪ್ಪ ಕಾಗದದ ಮೇಲೆ ಅಕ್ಷರಗಳನ್ನು ಉಬ್ಬಿಸಿ ಒತ್ತಿದವನೂ ಅವನೇ. ಶಾಲೆಯಲ್ಲಿ ಹಾಡುಗಾರಿಕೆ ಇತ್ತು, ವಾದ್ಯಗಳಿದ್ದವು, ಮನಸ್ಸಿಟ್ಟು ಕಲಿಸುವ ಗುರುಗಳಿದ್ದರು. ಆದರೆ ಆಯ್ಯಿಯ ಉಬ್ಬಚ್ಚಿನಲ್ಲಿ ಒಂದು ದೊಡ್ಡ ಕೊರತೆ ಉಳಿದಿತ್ತು. ಮಗು ಅದನ್ನು ತಡವಿ ಓದಬಹುದಿತ್ತು, ಆದರೆ ತಾನೇ ಬರೆಯುವಂತಿರಲಿಲ್ಲ. ಹಾಗಾಗಿ ತಲೆಯಲ್ಲಿ ಹೊಸ ಧಾಟಿಯೊಂದು ಹೊಳೆದರೂ ಅದನ್ನು ಕಾಗದಕ್ಕಿಳಿಸಲು ಕಣ್ಣಿದ್ದವರ ಕೈಯನ್ನೇ ಕಾಯಬೇಕಿತ್ತು.

1819ರ ಫೆಬ್ರವರಿಯಲ್ಲಿ ಈ ಶಾಲೆಗೆ ಹತ್ತು ವರ್ಷದ ಲೂಯಿ ಬ್ರೈಲ್ ಬಂದ. ಊರು ಪ್ಯಾರಿಸ್ಸಿನ ಪೂರ್ವಕ್ಕಿರುವ ಕೂಪ್ರೆ. ತಂದೆಯದು ಕುದುರೆಯ ಜೀನು, ಲಗಾಮು ಹೊಲಿಯುವ ಕಸುಬು. ಮೂರು ವರ್ಷದವನಿದ್ದಾಗ ತಂದೆಯ ಕೆಲಸದ ಕೋಣೆಯಲ್ಲಿ ಚರ್ಮ ತೂತು ಮಾಡುವ ಮೊನೆಯುಳ್ಳ ಉಪಕರಣ ಕಣ್ಣಿಗೆ ನಟ್ಟು, ನಂಜು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ತುಂಬುವಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಇಷ್ಟು ಕತೆಯನ್ನು ನಮ್ಮ ಶಾಲಾ ಮಕ್ಕಳೂ ಬಲ್ಲರು. ಅವನು ಸಂಗೀತಗಾರನಾಗಿದ್ದ ಎಂಬ ಮಾತನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ. ಅವನು ಚೆಲ್ಲೊ ಬಾರಿಸುತ್ತಿದ್ದ, ಆರ್ಗನ್ ನುಡಿಸುತ್ತಿದ್ದ. 1834ರಿಂದ ಪ್ಯಾರಿಸ್ಸಿನ ಸೇಂಟ್ ನಿಕೊಲಾ ದೆ ಶಾಂ ಚರ್ಚಿನಲ್ಲಿ ಆರ್ಗನ್ ವಾದಕನಾಗಿ ಕೆಲಸ ಮಾಡಿದ. ಅವನು ಕಂಡುಹಿಡಿದದ್ದನ್ನು ಬರೀ ಅಕ್ಷರಮಾಲೆ ಎಂದುಕೊಂಡರೆ ಅದರ ಅರ್ಧ ಭಾಗವನ್ನು ಬಿಟ್ಟಂತೆಯೇ.

1821ರಲ್ಲಿ ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಫಿರಂಗಿ ದಳದ ಅಧಿಕಾರಿ ಶಾಲೆಗೆ ಚುಕ್ಕಿಗಳ ಒಂದು ಬರಹವನ್ನು ತಂದ. ಎರಡು ಸಾಲು, ಸಾಲಿಗೆ ಆರರಂತೆ ಹನ್ನೆರಡು ಚುಕ್ಕಿಗಳ ಲೆಕ್ಕ. ಗೆರೆಗಿಂತ ಚುಕ್ಕಿ ಬೆರಳಿಗೆ ಸುಲಭವಾಗಿ ಸಿಗುತ್ತದೆ, ಅದನ್ನು ಮೊಳೆಯಂಥ ಕಡ್ಡಿಯಿಂದ ಒತ್ತಿ ತಾವೇ ಬರೆಯಬಹುದು ಎಂಬುದು ಮಕ್ಕಳಿಗೆ ಅಂದು ಮನದಟ್ಟಾಯಿತು. ಆದರೆ ಬಾರ್ಬಿಯೆ ಗುರುತಿಸಿದ್ದು ಉಚ್ಚಾರದ ಧ್ವನಿಗಳನ್ನಷ್ಟೇ. ಕಾಗುಣಿತಕ್ಕೆ, ವಿರಾಮ ಚಿಹ್ನೆಗೆ, ಸಂಗೀತಕ್ಕೆ ಅದರಲ್ಲಿ ಜಾಗವಿರಲಿಲ್ಲ. ಹನ್ನೆರಡು ಚುಕ್ಕಿಯ ಗುರುತು ಬೆರಳ ತುದಿಗೆ ಒಮ್ಮೆಗೇ ಹಿಡಿಸುತ್ತಲೂ ಇರಲಿಲ್ಲ. ಲೂಯಿ ಅದನ್ನು ಅರ್ಧಕ್ಕೆ ಇಳಿಸಿದ. ಹದಿನೈದನೆಯ ವಯಸ್ಸಿನಲ್ಲಿ, ಅಂದರೆ 1824ರ ಹೊತ್ತಿಗೆ, ಆರು ಚುಕ್ಕಿಗಳ ಮನೆ ಅವನ ಕೈಯಲ್ಲಿ ಒಂದು ರೂಪಕ್ಕೆ ಬಂದಿತ್ತು. ಆರು ಚುಕ್ಕಿಯಿಂದ 63 ಗುರುತುಗಳು ಹೊರಡುತ್ತವೆ. ಬೆರಳನ್ನು ಮೇಲೆ ಕೆಳಗೆ ಆಡಿಸಬೇಕಿಲ್ಲ, ಮುಟ್ಟಿದ ಕೂಡಲೇ ಇಡೀ ಗುರುತು ಗೊತ್ತಾಗುತ್ತದೆ.

1829ರಲ್ಲಿ ಅವನ ಪುಸ್ತಕ ಬಂತು. ಮಾತು, ಸಂಗೀತ ಮತ್ತು ಚರ್ಚಿನ ಗಾನ ಈ ಮೂರನ್ನೂ ಚುಕ್ಕಿಗಳಲ್ಲಿ ಬರೆಯುವ ವಿಧಾನ ಎಂದೇ ಅದರ ಹೆಸರು. ಸಂಗೀತವನ್ನು ಅವನು ಆಮೇಲೆ ಅಂಟಿಸಿದ್ದಲ್ಲ. ಮೊದಲ ಪುಸ್ತಕದ ಮುಖಪುಟದಲ್ಲೇ ಅದು ಇದೆ. ನಂತರದ ವರ್ಷಗಳಲ್ಲಿ ತಿದ್ದುತ್ತ ಹೋಗಿ ಅವನು ಮುಟ್ಟಿದ ಸ್ವರಲಿಪಿಯ ಏರ್ಪಾಟನ್ನು ನಾನು ಕೊಂಚ ಬಿಡಿಸಿಯೇ ಹೇಳಬೇಕು. ಅದರ ಚೆಲುವು ಇರುವುದೇ ಆ ವಿವರದಲ್ಲಿ.

ಮನೆಯ ಆರು ಚುಕ್ಕಿಗಳಲ್ಲಿ ಮೇಲಿನ ನಾಲ್ಕು ಸ್ವರದ ಹೆಸರು ಹೇಳುತ್ತವೆ. ರೋಮನ್ ಅಕ್ಷರಮಾಲೆಯ ಡಿ ಇಂದ ಜೆ ತನಕದ ಏಳು ಅಕ್ಷರಗಳ ಚುಕ್ಕಿರೂಪಗಳೇ ದೊ, ರೆ, ಮಿ, ಫಾ, ಸೊಲ್, ಲಾ, ಸಿ. ಈ ಏಳರಲ್ಲಿ ಯಾವುದಕ್ಕೂ ಕೆಳಗಿನ ಎರಡು ಚುಕ್ಕಿಗಳ ಗೊಡವೆಯಿಲ್ಲ. ಆ ಎರಡನ್ನು ಕಾಲಪ್ರಮಾಣಕ್ಕೆ ಬಿಟ್ಟಿದೆ. ಎರಡೂ ಇಲ್ಲದಿದ್ದರೆ ಪೂರ್ಣ ಸ್ವರದ ಎಂಟನೇ ಒಂದು ಪಾಲು. ಬಲಗಡೆಯದು ಮಾತ್ರ ಇದ್ದರೆ ಕಾಲು, ಎಡಗಡೆಯದು ಮಾತ್ರ ಇದ್ದರೆ ಅರ್ಧ, ಎರಡೂ ಇದ್ದರೆ ಪೂರ್ಣ. ಒಂದೇ ಸ್ಪರ್ಶಕ್ಕೆ ಸ್ವರವೂ ಸಿಕ್ಕಿತು, ಅದನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದೂ ಸಿಕ್ಕಿತು. ಸ್ಥಾಯಿಗೆ ಬೇರೆ ಗುರುತುಗಳಿವೆ, ಸ್ವರದ ಮುಂಚೆ ಬರುತ್ತವೆ. ಅವನ್ನು ಪ್ರತಿ ಸ್ವರಕ್ಕೂ ಬರೆಯುತ್ತ ಕೂರುವ ಅಗತ್ಯವಿಲ್ಲ. ಮುಂದಿನ ಸ್ವರ ಹತ್ತಿರದ್ದಾದರೆ ಗುರುತು ಬೇಡ, ದೂರ ನೆಗೆದರೆ ಮಾತ್ರ ಬೇಕು. ಒಟ್ಟಿಗೆ ನುಡಿಯುವ ಸ್ವರಗಳಿಗೆ ಇಂದು ಬಳಕೆಯಲ್ಲಿರುವ ಕ್ರಮದಲ್ಲಿ ಒಂದನ್ನಷ್ಟೇ ಹೆಸರಿಸಿ, ಉಳಿದವು ಅದರಿಂದ ಎಷ್ಟು ಅಂತರದಲ್ಲಿವೆ ಎಂದು ಸೂಚಿಸುತ್ತಾರೆ. ಐದು ಗೆರೆ ಮಾಯವಾಯಿತು. ಮೇಲೆ ಕೆಳಗೆ ಹರಡಿಕೊಂಡಿದ್ದ ಸಂಗೀತ ಬೆರಳು ಓಡುವ ದಿಕ್ಕಿನಲ್ಲೇ ಸಾಲಾಗಿ ನಿಂತಿತು.

ಒಂದು ತೊಡಕು ಉಳಿಯಿತು, ಇಂದಿಗೂ ಉಳಿದಿದೆ. ಓದುವುದು ಬೆರಳು, ನುಡಿಸುವುದೂ ಬೆರಳು. ಹಾಡುವ ಮಗು ಓದುತ್ತಲೇ ಹಾಡಬಹುದು. ಪಿಯಾನೊ ಕಲಿಯುವ ಮಗು ಎಡಗೈಯಿಂದ ಓದುತ್ತ ಬಲಗೈಯ ಭಾಗವನ್ನು ನುಡಿಸುತ್ತದೆ, ಆಮೇಲೆ ಕೈ ಬದಲಿಸಿ ಎಡಗೈಯ ಭಾಗವನ್ನು ಕಲಿಯುತ್ತದೆ, ಕೊನೆಗೆ ಎರಡನ್ನೂ ನೆನಪಿನಿಂದ ಕೂಡಿಸುತ್ತದೆ. ಪಿಟೀಲು, ಚೆಲ್ಲೊದವರಿಗೆ ಎರಡು ಕೈಯೂ ವಾದ್ಯಕ್ಕೇ ಬೇಕು. ಅವರು ನಾಲ್ಕಾರು ಆವರ್ತ ಓದಿ, ಬಾಯಿಪಾಠ ಮಾಡಿ, ವಾದ್ಯ ಎತ್ತಿಕೊಳ್ಳಬೇಕು. ಇದನ್ನು ಹೊರೆಯೆಂದು ನೋಡುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಹೀಗೆ ಕಲಿತ ಕೃತಿ ಕಂಠಸ್ಥವಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮರೆತದ್ದನ್ನು ಯಾರನ್ನೂ ಕೇಳದೆ ತಾನೇ ತೆರೆದು ನೋಡುವ ಸ್ವಾತಂತ್ರ್ಯ ಮಗುವಿನದಾಗುತ್ತದೆ.

ಈ ಸ್ವಾತಂತ್ರ್ಯ ಅನ್ನಕ್ಕೂ ದಾರಿಯಾಯಿತು. ಬ್ರೈಲ್‌ನ ಗೆಳೆಯ ಗೇಬ್ರಿಯಲ್ ಗೊತಿಯೆ ಅದೇ ಶಾಲೆಯವನು. ಅವನು ಪ್ಯಾರಿಸ್ಸಿನ ಸೇಂಟ್ ಎತಿಯೆನ್ ದು ಮೊಂ ಚರ್ಚಿನ ಆರ್ಗನ್ ವಾದಕನಾದ. ಮುಂದೆ ಲೂಯಿ ವಿಯೆರ್ನ್, ಆಂದ್ರೆ ಮರ್ಶಾಲ್, ಜ್ಯಾಂ ಲಾಂಗ್ಲೆ, ಗಾಸ್ತೊಂ ಲಿತೇಜ್ ಹೀಗೆ ಫ್ರಾನ್ಸಿನ ಹೆಸರಾಂತ ಆರ್ಗನ್ ವಾದಕರ ಒಂದು ಪರಂಪರೆಯೇ ಆ ಶಾಲೆಯ ತರಗತಿಗಳಿಂದ ಹೊರಟಿತು. ವಿಯೆರ್ನ್ 1900ರಿಂದ 1937ರಲ್ಲಿ ಸಾಯುವ ತನಕ ನೋತ್ರ್ ದಾಮ್‌ನ ಆರ್ಗನ್ ಮುಂದೆ ಕೂತಿದ್ದರು.

ಆದರೂ ಶಾಲೆ ಈ ಲಿಪಿಯನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. 1840ರಲ್ಲಿ ನಿರ್ದೇಶಕನಾದ ದ್ಯುಫೊ, ಕಣ್ಣಿದ್ದವರು ಓದಲಾಗದ ಲಿಪಿ ಅಂಧರನ್ನು ಲೋಕದಿಂದ ಬೇರೆ ಮಾಡುತ್ತದೆಂದು ನಂಬಿ ಅದನ್ನು ನಿಲ್ಲಿಸಿದ, ಹಳೆಯ ಪುಸ್ತಕಗಳನ್ನು ಸುಡಿಸಿದ. ಮಕ್ಕಳು ಕದ್ದು ಬರೆಯುವುದನ್ನು ಬಿಡಲಿಲ್ಲ. ಕೊನೆಗೆ ಸಹಾಯಕ ನಿರ್ದೇಶಕ ಜೋಸೆಫ್ ಗ್ವಾದೆ ಲಿಪಿಯ ಪರ ನಿಂತ. 1844ರ ಫೆಬ್ರವರಿಯಲ್ಲಿ ಹೊಸ ಕಟ್ಟಡದ ಉದ್ಘಾಟನೆಯಂದು ಸಭಿಕರೆದುರಿನಲ್ಲಿ ಲಿಪಿಯ ಪ್ರದರ್ಶನ ನಡೆಯಿತು. ಬ್ರೈಲ್ ಕ್ಷಯದಿಂದ ತೀರಿಕೊಂಡದ್ದು 1852ರ ಜನವರಿ 6ರಂದು, ಫ್ರಾನ್ಸ್ ಅವನ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ದೇಶ ದೇಶಗಳಲ್ಲಿ ಸ್ವರಲಿಪಿ ಕವಲೊಡೆಯತೊಡಗಿದಾಗ 1888ರಲ್ಲಿ ಹಲವು ದೇಶಗಳವರು ಜರ್ಮನಿಯ ಕಲೋನ್‌ನಲ್ಲಿ ಸೇರಿ ಒಂದು ಸಮಾನ ಕ್ರಮಕ್ಕೆ ಬಂದರು. ದ್ಯುಫೊನ ಆತಂಕದಲ್ಲಿ ಕೇಡಿನ ಬುದ್ಧಿ ನನಗೆ ಕಾಣುವುದಿಲ್ಲ. ಆದರೆ ಲಿಪಿ ಯಾರ ಅನುಕೂಲಕ್ಕೆ ಎಂಬ ಪ್ರಶ್ನೆಯನ್ನು ಅವನು ತಿರುವುಮುರುವಾಗಿ ಕೇಳಿಕೊಂಡ. ಅದರ ಬೆಲೆ ತೆತ್ತವರು ಮಕ್ಕಳು.

ನಮ್ಮ ಕಡೆ ಈ ಸಮಸ್ಯೆ ಇದೇ ರೂಪದಲ್ಲಿ ಎದುರಾಗಲಿಲ್ಲ. ಇಲ್ಲಿ ಕಣ್ಣಿದ್ದವರೂ ಸಂಗೀತ ಕಲಿತದ್ದು ಕಿವಿಯಿಂದಲೇ. ಜನ್ಮತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ನೀಲಕಂಠಬುವಾ ಮೀರಜಕರರಲ್ಲಿ ಹಿಂದುಸ್ತಾನಿ ಕಲಿತು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ, ವಸತಿ, ವಿದ್ಯೆ ಮೂರನ್ನೂ ಕೊಟ್ಟರು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು 1944ರಲ್ಲಿ ಗುರುಗಳ ನಂತರ ಆ ಭಾರ ಹೊತ್ತು 2010ರ ತನಕ ನಡೆಸಿದರು. ಅಲ್ಲಿ ಅಂಧ ಮಕ್ಕಳ ಪಕ್ಕದಲ್ಲೇ ಕಣ್ಣಿದ್ದವರೂ ಕೂತು ಕಲಿತರು. ಗಾಯಕ ಪಂಡಿತ ವೆಂಕಟೇಶಕುಮಾರ್ ಬೆಳೆದದ್ದು ಆ ಅಂಗಳದಲ್ಲಿ. ಗುರು ಹಾಡುತ್ತಾರೆ, ಶಿಷ್ಯ ಮರಳಿ ಹಾಡುತ್ತಾನೆ. ಈ ಪಾಠದಲ್ಲಿ ಅಂಧ ಮಗುವಿಗೆ ಬೇರೆ ವ್ಯವಸ್ಥೆಯೇ ಬೇಕಾಗಲಿಲ್ಲ. ಹಾಗೆಂದು ಲಿಪಿಯ ಹಂಗು ಬೇಡವೆನ್ನಲಾಗದು. ಪುಟ್ಟರಾಜರೇ ಬ್ರೈಲ್ ಕಲಿತು ಭಗವದ್ಗೀತೆಯನ್ನು ಆ ಲಿಪಿಗೆ ತಂದರು. ಗುರು ಎದುರಿಗಿಲ್ಲದ ಹೊತ್ತಿನಲ್ಲಿ ಮಗುವಿಗೆ ಕೈಗೆ ಸಿಗುವ ಬರಹ ಬೇಕೇ ಬೇಕು. ನಮ್ಮ ಸರಿಗಮ ಮೊದಲೇ ಅಕ್ಷರ ರೂಪದಲ್ಲಿರುವುದರಿಂದ ಐದು ಗೆರೆಗಳ ಗೋಜಿಲ್ಲ. ತಾರ, ಮಂದ್ರ ಸ್ಥಾಯಿಗಳಿಗೆ ಅಕ್ಷರದ ಮೇಲೆ ಕೆಳಗೆ ಇಡುವ ಚುಕ್ಕಿಯನ್ನು ಮಾತ್ರ ಬ್ರೈಲ್ ಮಾಡಿದಂತೆ ಅಕ್ಷರಕ್ಕಿಂತ ಮುಂಚಿನ ಜಾಗಕ್ಕೆ ತರಬೇಕಾಗುತ್ತದೆ.

ಇದೇ ದಾರಿಯಲ್ಲಿ ಇನ್ನೊಂದು ಶೋಧ 1990ರ ದಶಕದಲ್ಲಿ ಫಿನ್ಲೆಂಡಿನಲ್ಲಿ ನಡೆಯಿತು. ಈ ಸಲದ ಮಕ್ಕಳಿಗೆ ಕಣ್ಣಿತ್ತು. ಆದರೆ ಬೌದ್ಧಿಕ ಬೆಳವಣಿಗೆ ನಿಧಾನವಾಗಿದ್ದ ಅವರಿಗೆ ಐದು ಗೆರೆ ಬಿಡಿಸಲಾಗದ ಗಂಟಾಗಿತ್ತು. ಗುಂಡು ಗೆರೆಯ ಮೇಲಿದೆಯೋ ಎಡೆಯಲ್ಲಿದೆಯೋ ನೋಡಬೇಕು, ಅದರ ಹೆಸರು ನೆನಪಿಸಿಕೊಳ್ಳಬೇಕು, ಆ ಹೆಸರಿನ ಕೀಲಿಯನ್ನು ವಾದ್ಯದಲ್ಲಿ ಹುಡುಕಬೇಕು. ನುಡಿಸುವ ಮೊದಲೇ ಮೂರು ಮೆಟ್ಟಿಲು. ಸಂಗೀತ ಚಿಕಿತ್ಸಕ ಕಾರ್ಲೊ ಊಸಿತಾಲೊ ಹೆಸರಿನ ಮೆಟ್ಟಿಲನ್ನೇ ಕಿತ್ತುಹಾಕಿದರು. ಪ್ರತಿ ಸ್ವರಕ್ಕೂ ಒಂದು ಬಣ್ಣ, ದೊ ಸ್ವರಕ್ಕೆ ಕೆಂಪು, ಫಾ ಸ್ವರಕ್ಕೆ ನೀಲಿ, ಲಾ ಸ್ವರಕ್ಕೆ ಹಳದಿ ಎಂಬಂತೆ. ಸ್ಥಾಯಿಗೊಂದು ಆಕಾರ: ಕತ್ತರಿ ಗುರುತು, ಚೌಕ, ವೃತ್ತ, ತ್ರಿಕೋನ. ಸ್ವರ ದೀರ್ಘವಾದರೆ ಆಕಾರದ ಹಿಂದೆ ಪಟ್ಟಿ ಉದ್ದವಾಗುತ್ತದೆ. ಅದೇ ಬಣ್ಣದ ಅದೇ ಆಕಾರದ ಚೀಟಿ ಪಿಯಾನೊದ ಕೀಲಿಯ ಮೇಲೂ ಅಂಟಿರುತ್ತದೆ. ಹಾಳೆಯಲ್ಲಿ ಕೆಂಪು ವೃತ್ತ ಕಂಡರೆ ಕೀಲಿಮಣೆಯ ಕೆಂಪು ವೃತ್ತ ಒತ್ತಿದರೆ ಮುಗಿಯಿತು. ಮಾರ್ಕು ಕೈಕ್ಕೊನೆನ್ ಇದನ್ನು ಪಾಠಕ್ರಮವಾಗಿ ಬೆಳೆಸಿದರು. ಹೆಲ್ಸಿಂಕಿಯ ರೆಸೊನಾರಿ ಸಂಗೀತ ಶಾಲೆಯಲ್ಲಿ ಅದು ನೆಲೆಯೂರಿತು, ಅಲ್ಲಿಂದ ಸ್ಕಾಟ್ಲೆಂಡಿಗೂ ಹೋಯಿತು. ಬಯಸುವವರಿಗೆ ಮುಂದಿನ ಹಂತದಲ್ಲಿ ಬಣ್ಣದ ಆಕಾರಗಳನ್ನು ಐದು ಗೆರೆಗಳ ಮೇಲೇ ಇಟ್ಟು ಮಾಮೂಲಿ ಬರಹಕ್ಕೆ ದಾಟಿಸುತ್ತಾರೆ. ಕಲಿಕೆ ಆಟಕ್ಕೆ ನಿಲ್ಲುವುದಿಲ್ಲ. ಸ್ವರ, ಕಾಲಪ್ರಮಾಣ, ಸ್ಥಾಯಿ ಯಾವುದನ್ನೂ ಇದರಲ್ಲಿ ಕತ್ತರಿಸಿಲ್ಲ ಎಂಬುದೇ ನನಗೆ ಈ ಪದ್ಧತಿಯ ಮೇಲಿರುವ ಗೌರವಕ್ಕೆ ಕಾರಣ.

ಇದನ್ನು ನಮ್ಮ ಹಾರ್ಮೋನಿಯಂಗೆ ತರಬೇಕೆಂಬ ಆಸೆ ನನಗಿದೆ. ಆದರೆ ಹಾಗೆಹಾಗೇ ತಂದರೆ ಕೂಡುವುದಿಲ್ಲ. ಫಿನ್ಲೆಂಡಿನ ಬಣ್ಣ ಕೀಲಿಗೆ ಅಂಟಿಕೊಂಡಿದೆ, ಕೆಂಪು ಎಂದರೆ ಯಾವಾಗಲೂ ದೊ. ನಮ್ಮಲ್ಲಿ ಷಡ್ಜ ಹಾಡುವವರ ಕಂಠಕ್ಕೆ ತಕ್ಕಂತೆ ಜಾಗ ಬದಲಿಸುತ್ತದೆ. ಒಬ್ಬ ಹುಡುಗನ ಸಾ ಕಪ್ಪು ಒಂದರಲ್ಲಿದ್ದರೆ ಪಕ್ಕದ ಹುಡುಗಿಯದು ಬಿಳಿ ಐದರಲ್ಲಿ. ಆದ್ದರಿಂದ ಬಣ್ಣವನ್ನು ಸ್ವರಕ್ಕೆ ಕಟ್ಟಬೇಕು, ಕೀಲಿಗಲ್ಲ. ಕಿತ್ತು ಮತ್ತೆ ಅಂಟಿಸಬಹುದಾದ ಚೀಟಿಗಳು ಬೇಕು. ಮಗು ಬದಲಾದಾಗ ಗುರುಗಳು ಸಾ ಇಂದ ಶುರುಮಾಡಿ ಅವನ್ನು ಸರಿಸಿ ಅಂಟಿಸಬೇಕು. ಕೋಮಲ ರಿಷಭ, ತೀವ್ರ ಮಧ್ಯಮಗಳಿಗೆ ಫಿನ್ಲೆಂಡಿನವರು ಬಳಸುವ ಬಾಣದ ಗುರುತೇ ಸಾಕಾದೀತು. ಹೆಚ್ಚು ಯೋಚಿಸಬೇಕಾದ್ದು ಮೀಂಡಿನ ಬಗ್ಗೆ, ಗಮಕದ ಬಗ್ಗೆ. ಅವು ಬಿಡಿ ಬಿಡಿ ಬಣ್ಣಗಳಲ್ಲಿ ಹಿಡಿಸುವ ವಸ್ತುಗಳಲ್ಲ, ಹಾರ್ಮೋನಿಯಂನಲ್ಲೂ ಅವು ಪೂರ್ತಿ ಬರುವುದಿಲ್ಲ. ಅಷ್ಟನ್ನು ಗುರು ಹಾಡಿಯೇ ತೋರಿಸಬೇಕು, ಗದುಗಿನ ಅಂಗಳದಲ್ಲಿ ತೋರಿಸಿದ ಹಾಗೆ.