ಕೆಮ್ಮಣ್ಣಿನ ನಾಡಿನಿಂದ ಹಿಮದ ಕಣಿವೆಗೆ

ಬೀದರಿನಲ್ಲಿ ಬೆಟ್ಟವಿಲ್ಲ. ಹೀಗೆಂದರೆ ಆ ಊರಿನವರು ಮುನಿಸಿಕೊಳ್ಳಬೇಕಾಗಿಲ್ಲ. ಊರೇ ಬೆಟ್ಟದ ಮೇಲಿದೆ. ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದಲ್ಲಿ ಕೆಂಪು ಜಂಬಿಟ್ಟಿಗೆಯ ವಿಶಾಲವಾದ ಹಾಸೊಂದಿದೆ. ಅದರ ಅಂಚಿನಲ್ಲಿ ಕೋಟೆಯೂ ಪೇಟೆಯೂ ಕುಳಿತಿವೆ. ಆ ಅಂಚಿಗೆ ಬಂದು ನಿಂತರೆ ಕೆಳಗೆ ಮಂಜೀರಾ ನದಿಯ ಬಯಲು, ಅದರಾಚೆಗೆ ಭಾಲ್ಕಿ, ಔರಾದಗಳ ತೊಗರಿ, ಉದ್ದಿನ ಹೊಲಗಳು. ಆದುದರಿಂದ ರಜೆಯ ದಿನ ವಿಹಾರಕ್ಕೆ ಹೊರಟ ಇಲ್ಲಿನ ತರುಣರು ಮೇಲಕ್ಕೆ ಏರುವುದಿಲ್ಲ, ಕೆಳಕ್ಕೆ ಇಳಿಯುತ್ತಾರೆ. ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡುತ್ತಾರೆ. ಪಾಪನಾಶದ ದಂಡೆಯಲ್ಲಿ ಬುತ್ತಿ ಬಿಚ್ಚುತ್ತಾರೆ. ಅಷ್ಟೂರಿನ ಬಹಮನಿ ಗುಮ್ಮಟಗಳ ನೆರಳಿನಲ್ಲಿ ಸಂಜೆ ಕಳೆಯುತ್ತಾರೆ.

ಇಂಥ ನಾಡಿನ ಮಕ್ಕಳು ಹಿಮಪರ್ವತದ ತಪ್ಪಲಿಗೆ ಹೋಗಿ ವೈದ್ಯಶಾಸ್ತ್ರ ಕಲಿಯುವ ಕಾಲ ಬಂದಿದೆ. ಉಕ್ರೇನ್, ರಷ್ಯಾ, ಜಾರ್ಜಿಯಾಗಳಂತೆ ಮಧ್ಯ ಏಷ್ಯದ ಕಿರ್ಗಿಸ್ತಾನವೂ ಭಾರತದ ವೈದ್ಯವಿದ್ಯಾರ್ಥಿಗಳಿಗೆ ಪರಿಚಿತವಾದ ದೇಶ. 2022ರ ಯುದ್ಧ ಉಕ್ರೇನಿನ ಬಾಗಿಲನ್ನು ಮುಚ್ಚಿದ ಮೇಲೆ ಹಲವರ ಕಣ್ಣು ಇತ್ತ ಹೊರಳಿತು. ರಾಜಧಾನಿ ಬಿಷ್ಕೆಕ್ ಸೋವಿಯತ್ ಕಾಲದಲ್ಲಿ ಫ್ರೂಂಜೆ ಎನಿಸಿಕೊಂಡಿದ್ದ ನಗರ. ಅಲ್ಲಿನ ಸರಕಾರಿ ವೈದ್ಯವಿದ್ಯಾಲಯ 1939ರಲ್ಲಿಯೇ ಹುಟ್ಟಿತು. ಸ್ವಾರಸ್ಯವೆಂದರೆ, ಆ ನಗರದ ನೆಲವೂ ಬೀದರಿನ ನೆಲವೂ ಎತ್ತರದಲ್ಲಿ ಹೆಚ್ಚುಕಡಿಮೆ ಸರಿಸಾಟಿ. ಬಿಷ್ಕೆಕ್ ಸುಮಾರು 2,600 ಅಡಿಯ ಮೇಲಿದೆ. ಆದರೆ ಬೀದರಿನ ಅಂಚಿನಿಂದ ನೋಟ ಕೆಳಗೆ ಜಾರಿದರೆ, ಅಲ್ಲಿ ದಕ್ಷಿಣದ ಕಿಟಕಿ ತೆರೆದವನ ನೋಟ 15,000 ಅಡಿಯ ಬಿಳಿಯ ಗೋಡೆಗೆ ತಾಗಿ ನಿಲ್ಲುತ್ತದೆ. ಆ ಗೋಡೆಯ ಹೆಸರು ಕಿರ್ಗಿಜ್ ಅಲಾ-ತೂ. ತಿಯಾನ್ ಶಾನ್ ಪರ್ವತಸಮೂಹದ ಒಂದು ಶ್ರೇಣಿ.

ಮನೆಯ ಬಳಿಯಲ್ಲಿ ವೈದ್ಯಕಾಲೇಜು ಇಲ್ಲವೆಂದಲ್ಲ. ಬೀದರಿನಲ್ಲಿಯೇ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ 2007ರಲ್ಲಿ ಪ್ರಾರಂಭವಾಯಿತು. ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯಿಂದ ಈ ಭಾಗದ ಮಕ್ಕಳಿಗೆ ನೆರವೂ ದೊರೆತಿದೆ. ಆದರೂ ನೀಟ್ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆಲ್ಲ ಸರಕಾರಿ ಸ್ಥಾನ ಸಿಕ್ಕುವುದಿಲ್ಲ. ಖಾಸಗಿ ಕಾಲೇಜುಗಳ ಶುಲ್ಕವನ್ನು ಕೇಳಿದ ತಂದೆ ಮರುಮಾತಿಲ್ಲದೆ ಎದ್ದು ಬರುತ್ತಾನೆ. ಆಗ ಬ್ಯಾಂಕಿನ ಸಾಲವೋ, ಎರಡು ಎಕರೆ ಹೊಲವೋ, ತಾಯಿಯ ಬಳೆಯೋ ವಿಮಾನದ ಟಿಕೆಟ್ಟಾಗಿ ಮಾರ್ಪಡುತ್ತದೆ. ಹೋದವನ ಮುಂದಿನ ಹಾದಿಯೂ ಸುಗಮವಲ್ಲ. 2021ರ ನಿಯಮದಂತೆ ಕನಿಷ್ಠ 54 ತಿಂಗಳ ವ್ಯಾಸಂಗ ಒಂದೇ ಸಂಸ್ಥೆಯಲ್ಲಿ ನಡೆಯಬೇಕು. ಮರಳಿದ ಮೇಲೆ 300 ಪ್ರಶ್ನೆಗಳ ಅರ್ಹತಾಪರೀಕ್ಷೆಯಲ್ಲಿ 150 ಅಂಕ ಗಳಿಸಬೇಕು. ಅದರಲ್ಲಿ ಎಡವುವವರೇ ಅಧಿಕ.

ಈ ಭಾರವನ್ನು ಹೊತ್ತ ಹುಡುಗರಿಗೆ ಭಾನುವಾರವೊಂದು ವರ. ಬಿಷ್ಕೆಕ್ಕಿನಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ ಅಲಾ-ಅರ್ಚಾ ಕಣಿವೆಯಿದೆ. 1976ರಿಂದ ಅದು ರಾಷ್ಟ್ರೀಯ ಉದ್ಯಾನ. ಅರ್ಚಾ ಎಂದರೆ ಜೂನಿಪರ್ ಮರ, ಅಲಾ ಎಂದರೆ ಚಿತ್ರವರ್ಣದ್ದು. ಆ ಮರದ ರೆಂಬೆಯನ್ನು ಸುಟ್ಟು ಮನೆಗೆ ಹೊಗೆ ಹಾಕಿದರೆ ಕೇಡು ತೊಲಗುವುದೆಂದು ಕಿರ್ಗಿಜ್ ಜನರ ನಂಬಿಕೆ. ನಮ್ಮ ಅಜ್ಜಿಯರ ಲೋಬಾನದ ಹೊಗೆಯನ್ನು ಕಂಡವರಿಗೆ ಇದು ಹೊಸದಾಗಿ ತೋರದು.

ನಾಲ್ಕಾರು ಮಂದಿ ಗೆಳೆಯರು ಕೂಡಿ ಬಾಡಿಗೆಯ ವಾಹನ ಹಿಡಿಯುತ್ತಾರೆ. ಗುಂಪಿನಲ್ಲಿ ತೆಲುಗಿನವನಿರುತ್ತಾನೆ, ಮರಾಠಿಯವನಿರುತ್ತಾನೆ, ಉತ್ತರಪ್ರದೇಶದವನಿರುತ್ತಾನೆ. ಬೀದರ ಸೀಮೆಯ ಹುಡುಗನಿಗೆ ಇದರಿಂದ ತೊಡಕಿಲ್ಲ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ನಾಲ್ಕೂ ಬೆರೆತ ಸಂತೆಯಲ್ಲಿ ಬೆಳೆದವನು ಅವನು. ಐದನೆಯದಾಗಿ ರಷ್ಯನ್ ಕಲಿತು ಚಾಲಕನೊಡನೆ ಚೌಕಾಸಿ ಮಾಡುವವನೂ ಅವನೇ.

ವಾಹನಗಳು ನಿಲ್ಲುವ ತಾಣವೇ ಸುಮಾರು 7,000 ಅಡಿಯ ಮೇಲಿದೆ; ಉದಕಮಂಡಲಕ್ಕಿಂತ ಸ್ವಲ್ಪ ಕಡಿಮೆ. ಅಲ್ಲಿಂದ ಕಾಲುದಾರಿ ಕಡಿದಾಗಿ ಮೇಲೇರುತ್ತದೆ. ಕೆಳಗೆ ಹಿಮ ಕರಗಿದ ಹೊಳೆ ಬಂಡೆಗಳ ನಡುವೆ ಮೊರೆಯುತ್ತದೆ. ದಾರಿಯಲ್ಲಿ ಎರಡಾಗಿ ಸೀಳಿದ ಒಂದು ಬಂಡೆಯಿದೆ. ಅದಕ್ಕೆ 'ಒಡೆದ ಹೃದಯ' ಎಂದು ಹೆಸರು. ಹುಡುಗರು ಅದರ ಮೇಲೆ ನಿಂತು ತೆಗೆಸಿಕೊಂಡ ಚಿತ್ರಗಳು ಭಾಲ್ಕಿಗೆ ತಲುಪುವಾಗ, ಆ ಹೆಸರನ್ನು ಹೇಳದಿರುವ ವಿವೇಕ ಅವರಿಗಿರುತ್ತದೆ! ಮುಂದೆ ಅಕ್-ಸಾಯ್ ಜಲಪಾತ; ಅದರ ಮೇಲ್ಗಡೆ ಹಿಮನದಿ. ಏರುತ್ತ ಏರುತ್ತ ಉಸಿರು ಗಿಡ್ಡವಾಗುತ್ತದೆ, ಎದೆ ಡವಗುಟ್ಟುತ್ತದೆ. ಶರೀರಶಾಸ್ತ್ರದ ಪಾಠದಲ್ಲಿ ಓದಿದ್ದು ಇದೇ ತಾನೆ, ಎಂದು ಬಂಡೆಗೊರಗಿ ತನ್ನ ನಾಡಿಯನ್ನು ತಾನೇ ಎಣಿಸಿಕೊಳ್ಳುವ ಭಾವೀ ವೈದ್ಯನಿಗೆ ಪುಸ್ತಕದ ಒಂದು ಪುಟ ಅಂದು ಬಾಯಿಪಾಠವಿಲ್ಲದೆ ಮನದಟ್ಟಾಗುತ್ತದೆ.

ಆದರೆ ಪರ್ವತ ಅತಿಥಿಯೆಂದು ಯಾರಿಗೂ ರಿಯಾಯಿತಿ ತೋರಿಸುವುದಿಲ್ಲ. ಅಲಾ-ಅರ್ಚಾದಲ್ಲಿಯೇ, ಶಿಖರಗಳಲ್ಲಿ ಮಡಿದ ಆರೋಹಿಗಳ ಸ್ಮಾರಕಗಳಿರುವ ಒಂದು ಪುಟ್ಟ ಸ್ಮಶಾನವಿದೆ. 2024ರ ಏಪ್ರಿಲಿನಲ್ಲಿ ಪರೀಕ್ಷೆ ಮುಗಿಸಿ ಜೊತೆಯವರೊಡನೆ ವಿಹಾರಕ್ಕೆ ಹೋಗಿದ್ದ ಆಂಧ್ರದ ವೈದ್ಯವಿದ್ಯಾರ್ಥಿಯೊಬ್ಬ ಆ ದೇಶದ ಹೆಪ್ಪುಗಟ್ಟಿದ ಜಲಪಾತವೊಂದರಲ್ಲಿ ಸಿಲುಕಿ ಪ್ರಾಣ ಕಳೆದುಕೊಂಡ. ನೀರು ಗಟ್ಟಿಯಾಗಿ ನಿಂತಿರುವುದನ್ನು ಬಾಲ್ಯದಲ್ಲಿ ಕಂಡವನಿಗೆ ಅದರ ಟೊಳ್ಳು ತಿಳಿದಿರುತ್ತದೆ. ಬಿಸಿಲ ನಾಡಿನವನಿಗೆ ಅದು ಬರಿಯ ಬೆರಗು. ವಸಂತದಲ್ಲಿ ಮೇಲ್ಪದರ ಗಟ್ಟಿಯಾಗಿಯೇ ಕಂಡರೂ ಒಳಗೆ ನೀರು ಹರಿಯುತ್ತಿರುತ್ತದೆ. ಈಜು ಬಲ್ಲವನಿಗೂ ಅಲ್ಲಿ ಈಜು ಒದಗದು.

ಮರುತಿಂಗಳೇ ಇನ್ನೊಂದು ಆತಂಕ. ಮೇ 17ರ ರಾತ್ರಿ ಬಿಷ್ಕೆಕ್ಕಿನಲ್ಲಿ ಉದ್ರಿಕ್ತ ಗುಂಪುಗಳು ವಿದೇಶೀ ವಿದ್ಯಾರ್ಥಿಗಳ ವಸತಿಗಳ ಮೇಲೆ ಎರಗಿದವು. ಹೊರಗೆ ಬರಬೇಡಿರೆಂದು ಭಾರತದ ದೂತಾವಾಸ ತನ್ನವರಿಗೆ ಸೂಚನೆ ಕೊಟ್ಟಿತು. ಕಿಟಕಿಯಲ್ಲಿ ಅದೇ ಬಿಳಿಯ ಶಿಖರಗಳು ಕಾಣುತ್ತಿದ್ದವು. ಬಾಗಿಲಿಗೆ ಮಾತ್ರ ಮಂಚವನ್ನು ಅಡ್ಡವಿಟ್ಟು ಕೂಡಬೇಕಾದ ಕಾಲ. ದಿನಗಳು ಕಳೆದು ನಗರ ಶಾಂತವಾಯಿತು. ಆದರೆ ಊರಿನಲ್ಲಿ ದೂರವಾಣಿಯನ್ನು ಕೈಯಲ್ಲೇ ಹಿಡಿದು ಬೆಳಗು ಮಾಡಿದವರಿಗೆ ಆ ರಾತ್ರಿಗಳು ಮರೆಯುವಂಥವಲ್ಲ.

ಒಂದು ಕಾಲಕ್ಕೆ ದಾರಿ ತಿರುವುಮುರುವಾಗಿತ್ತು. ಕ್ಯಾಸ್ಪಿಯನ್ ಸಮುದ್ರದ ಬಳಿಯ ಗಿಲಾನ್ ಎಂಬ ಪರ್ವತಸೀಮೆಯಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದಾಗ, ವಿದ್ಯೆಗಾಗಿ ಹೊರನಾಡಿನವರು ಇಲ್ಲಿಗೆ ಬಂದರು. ಮೂರು ಅಂತಸ್ತಿನ ಆ ಕಟ್ಟಡದಲ್ಲಿ ಉಳಿದ ಒಂದೇ ಮಿನಾರಿನ ನೀಲಿ ಹೆಂಚುಗಳು ಸಮರಖಂದದ ನೆನಪನ್ನು ತರುತ್ತವೆ. ನೌಬಾದಿನ ನೆಲದಡಿಯ ಕರೇಜ್ ಕಾಲುವೆಯೂ ಪಾರಸಿಕರ ಜಾಣ್ಮೆಯೇ. ಆ ದೇಶದಲ್ಲಿ ಪರ್ವತದ ಬುಡದ ನೀರನ್ನು ಬಯಲಿಗೆ ತರುವ ಉಪಾಯವದು. ಇಲ್ಲಿ ಪರ್ವತವಿಲ್ಲದುದರಿಂದ ಜಂಬಿಟ್ಟಿಗೆಯ ಹಾಸು ಹೀರಿಕೊಂಡ ಮಳೆಯ ನೀರನ್ನೇ ಅದರಿಂದ ಹರಿಸಿಕೊಂಡರು. ಗಿಲಾನಿನ ಮಂಜನ್ನು ಕಂಡಿದ್ದ ಕಣ್ಣಿಗೆ ಬೀದರಿನ ವೈಶಾಖ ಹೇಗೆ ಕಂಡಿತೋ!

ಬಿಷ್ಕೆಕ್ಕಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ವಿಹಾರದಿಂದ ಮರಳಿ ಒದ್ದೆ ಕಾಲುಚೀಲವನ್ನು ಬಿಸಿಕೊಳವೆಯ ಮೇಲೆ ಹರವಿ ಒಂಬತ್ತಕ್ಕೆ ಕರೆ ಮಾಡಿದರೆ ಔರಾದದಲ್ಲಿ ಎಂಟೂವರೆ; ಮನೆಯವರೆಲ್ಲ ಊಟಕ್ಕೆ ಕುಳಿತ ಹೊತ್ತು. ಹಿಮದ ಚಿತ್ರಗಳು ಕೈಯಿಂದ ಕೈಗೆ ಹೋಗುತ್ತವೆ. ತಂಗಿ ಬಂಡೆಯ ಹೆಸರನ್ನು ಕೇಳುತ್ತಾಳೆ. ತಂದೆ ಪರೀಕ್ಷೆ ಎಂದು ಎನ್ನುತ್ತಾನೆ. ತಾಯಿ ಪರ್ವತವನ್ನು ನೋಡುವುದೇ ಇಲ್ಲ. ಮಗನ ಕತ್ತಿನ ಗುಂಡಿ ಹಾಕಿದೆಯೋ ಇಲ್ಲವೋ ಎಂದು ಚಿತ್ರವನ್ನು ದೊಡ್ಡದು ಮಾಡಿಸಿ ನೋಡುತ್ತಾಳೆ.